ನಾನು ಹೊಡೆದ ಡಿಪ್ಪರ್

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕು ತಾಲೂಕಿನ ರಸ್ತೆಗಳಲ್ಲಿ ಗಾಡಿ ಓಡಿಸಿದವನಿಗೆ ಜಗತ್ತಿನಲ್ಲಿ ಇನ್ನಾವ ಪರೀಕ್ಷೆಯೂ ಬೇಕಿಲ್ಲ ಎಂದು ನಾನು ನಂಬಿದ್ದೆ. ನಂಬಿ ಸುಮ್ಮನಿರಲಿಲ್ಲ, ಸಿಕ್ಕವರಿಗೆಲ್ಲ ಹೇಳಿಕೊಂಡೂ ತಿರುಗಿದ್ದೆ. ಬೀಜ, ಗೊಬ್ಬರದ ಏಜೆಂಟನಾದ ನನಗೆ ಈ ನಾಲ್ಕೂ ತಾಲೂಕು ಏರಿಯಾ. ಬೆಳಿಗ್ಗೆ ಬಾಗೇವಾಡಿಯ ಮನೆ ಬಿಟ್ಟು ದೇವರ ಹಿಪ್ಪರಗಿ ಹಾದು, ಸಿಂದಗಿಯ ಅಂಗಡಿಗಳನ್ನು ಮುಗಿಸಿ, ಇಂಡಿಯ ಲಿಂಬೆ ತೋಟದವರ ಹತ್ತಿರ ಬಾಕಿ ವಸೂಲಿ ಮಾಡಿಕೊಂಡು ರಾತ್ರಿ ಊಟಕ್ಕೆ ಮನೆಗೆ ಬರುವುದು ದೊಡ್ಡ ಮಾತಾಗಿರಲಿಲ್ಲ. ತಾಳಿಕೋಟೆ, ಮುದ್ದೇಬಿಹಾಳದ ಕಡೆ ಹೋದ ದಿನ ಇನ್ನೂ ಹಗುರ.

ನಮ್ಮ ಕಡೆಯ ರಸ್ತೆ ಕಂಡವರಿಗೆ ಈ ಜಂಬದ ಕಾರಣ ತಿಳಿದೀತು. ಸಂಕ್ರಾಂತಿ ಸುಮಾರಿಗೆ ತೊಗರಿ, ಅದರ ಬೆನ್ನಿಗೇ ಕಡಲೆ, ಜೋಳ. ಹೊಲದಲ್ಲಿ ಕಣ ಮಾಡುವವರು ಕಡಿಮೆಯಾಗಿ ಡಾಂಬರು ರಸ್ತೆಯೇ ಕಣವಾಗಿದೆ. ಅರ್ಧ ರಸ್ತೆಗೆ ಬೆಳೆ ಹರವಿ, ಅಂಚಿಗೆ ತಲೆಗಾತ್ರದ ಕಲ್ಲು ಇಟ್ಟು, ಹೋಗಿ ಬರುವ ಲಾರಿ, ಬಸ್ಸುಗಳ ಗಾಲಿಯಿಂದಲೇ ರಾಶಿ ಮಾಡಿಸಿಕೊಳ್ಳುತ್ತಾರೆ. ಕಾರಿನ ಅಡಿಗೆ ಹೊಟ್ಟು ಸಿಕ್ಕಿಕೊಂಡು ಸೈಲೆನ್ಸರಿನ ಬಿಸಿಗೆ ಹೊತ್ತಿಕೊಂಡರೆ ಅದು ನಮ್ಮ ಹಣೆಬರಹ. ಕಬ್ಬಿನ ಸೀಜನ್ನಿನಲ್ಲಂತೂ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರು. ಹಿಂದಿನದಕ್ಕೆ ಲೈಟೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ರಾತ್ರಿ ಹೊತ್ತು ಮುಂದೆ ಟ್ರೇಲರು ಇದೆ ಎಂದು ತಿಳಿಯುವುದು ಟ್ರ್ಯಾಕ್ಟರಿನವನು ಹಚ್ಚಿದ ಹಾಡಿನಿಂದ. ಕಿವಿಯಿಂದ ಗಾಡಿ ಓಡಿಸಿದವರು ನಾವು.

ಈ ರಸ್ತೆಗಳಲ್ಲಿ ಬರಹದ ಕಾನೂನು ಯಾವುದೇ ಇರಲಿ, ನಡೆಯುವ ಕಾನೂನು ಡಿಪ್ಪರಿನದು. ಎದುರಿನಿಂದ ಗಾಡಿ ಬರುತ್ತಿದೆ, ನಡುವೆ ಒಂದೇ ಗಾಡಿ ಹಿಡಿಸುವ ಸಿಡಿ, ಅಂದರೆ ಕಿರುಸೇತುವೆ, ಅಥವಾ ತೊಗರಿ ಹರವಿದ ಜಾಗ. ಮೊದಲು ಯಾರು ಲೈಟು ಹೊಡೆದರೋ ದಾರಿ ಅವರದು. 'ನಾ ಬಂದೆ, ನೀ ನಿಲ್ಲು' ಎಂದು ಅದರ ತಾತ್ಪರ್ಯ. ಲೈಟು ಹೊಡೆದವನು ನಿಧಾನ ಮಾಡುವುದಿಲ್ಲ, ಎಕ್ಸಿಲೇಟರು ಇನ್ನಷ್ಟು ಒತ್ತುತ್ತಾನೆ. ಯಾಕೆಂದರೆ ಹೊಡೆದೂ ನಿಧಾನ ಮಾಡಿದರೆ ಅವನು ಅಂಜಿದ ಎಂದು ಎದುರಿನವನು ನುಗ್ಗುತ್ತಾನೆ. ಹಾರ್ನು ನಮ್ಮಲ್ಲಿ ಬೈಗುಳವಲ್ಲ, ಸೌಜನ್ಯ; ಲಾರಿಯ ಹಿಂದೆ 'ಹಾರ್ನ್ ಮಾಡಿ' ಎಂದು ಬರೆಸಿಕೊಂಡೇ ಇರುತ್ತಾರೆ. ಮುಂದಿನ ಲಾರಿ ಬಲಗಡೆಯ ಇಂಡಿಕೇಟರು ಹಾಕಿದರೆ ಮಾತ್ರ ಸ್ವಲ್ಪ ಗೊಂದಲ. ಒಬ್ಬ 'ಬಾ, ರಸ್ತೆ ಖಾಲಿ ಐತಿ, ಓವರ್‌ಟೇಕ್ ಮಾಡು' ಎಂದು ಹಾಕುತ್ತಾನೆ, ಇನ್ನೊಬ್ಬ 'ಬರಬ್ಯಾಡ, ಎದುರಿಗೆ ಗಾಡಿ ಐತಿ' ಎಂದು ಹಾಕುತ್ತಾನೆ, ಮೂರನೆಯವನು ನಿಜಕ್ಕೂ ಬಲಕ್ಕೆ ತಿರುಗುತ್ತಾನೆ. ಯಾವುದು ಯಾವುದೆಂದು ಲಾರಿಯ ನಂಬರು, ಡ್ರೈವರನ ಮೊಳಕೈ, ರಸ್ತೆಯ ತಿರುವು ನೋಡಿ ನಾವು ತಿಳಿದುಕೊಳ್ಳುತ್ತೇವೆ. ತಿಳಿಯದವರು ಉಳಿದಿಲ್ಲ.

ಮಗಳು ಲಗ್ನವಾಗಿ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಎಂಬ ಊರಿಗೆ ಹೋದಳು. ಅವಳಿಗೂ ಅಳಿಯಂದಿರಿಗೂ ಅಲ್ಲೇ ಕೆಲಸ. 'ಬರ್ರಿ, ಬರ್ರಿ' ಎಂದು ಕರೆದು ಕರೆದು ಸಾಕಾದ ಮೇಲೆ ಒಂದು ಬೇಸಿಗೆಯಲ್ಲಿ ನಾನೂ ನಮ್ಮ ಮನೆಯವಳೂ ಹೊರಟೆವು. ಹೊರಡುವ ಮುಂಚೆ ವಿಜಯಪುರದ ಆರ್‌ಟಿಒ ಕಚೇರಿಗೆ ಹೋಗಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಮಾಡಿಸಿದೆ. ಪಾಸ್‌ಪೋರ್ಟು ತೋರಿಸಿ ಸಾವಿರ ರೂಪಾಯಿ ಫೀ ಕಟ್ಟಿದರೆ ಒಂದು ವರ್ಷಕ್ಕೆ ಕೊಡುತ್ತಾರೆ. 1949ರ ಜಿನೀವಾ ಒಪ್ಪಂದದ ಪ್ರಕಾರದ್ದು ಅದು. ಬ್ರಿಟನ್ನಿಗೆ ಅದು ಬೇಕೇ ಇರಲಿಲ್ಲ. ನಮ್ಮ ಇಂಗ್ಲಿಷ್ ಅಕ್ಷರದ ಲೈಸನ್ಸಿನ ಮೇಲೆಯೇ ಅಲ್ಲಿ ಬಂದಿಳಿದವರು 12 ತಿಂಗಳು ಕಾರು ಓಡಿಸಬಹುದು. ಆದರೂ ಆ ಬೂದು ಹೊದಿಕೆಯ ಪುಸ್ತಿಕೆ ಅಂಗಿಯ ಕಿಸೆಯಲ್ಲಿದ್ದರೆ ಎದೆ ಸ್ವಲ್ಪ ಉಬ್ಬುತ್ತಿತ್ತು.

ಅಮೆರಿಕಕ್ಕೆ ಹೋದವರೆಲ್ಲ 'ಅಲ್ಲಿ ಬಲಕ್ಕೆ ಓಡಿಸಬೇಕು, ಮೊದಲೆರಡು ದಿನ ತಲೆ ತಿರುಗುತ್ತದೆ' ಎನ್ನುತ್ತಾರೆ. ಪೆಟ್ರೋಲ್ ಬಂಕಿನಿಂದ ಹೊರಬಿದ್ದಾಗ, ರಸ್ತೆ ಖಾಲಿ ಇದ್ದಾಗ ಕೈ ತಾನಾಗಿ ಎಡಕ್ಕೆ ಎಳೆಯುತ್ತದಂತೆ. ಇಂಗ್ಲೆಂಡಿನಲ್ಲಿ ಆ ಕಾಟವೇ ಇಲ್ಲ. ಅವರದೂ ಎಡಗಡೆ, ಸ್ಟೇರಿಂಗೂ ಬಲಕ್ಕೆ. ನಮಗೆ ಎಡಕ್ಕೆ ಓಡಿಸುವುದನ್ನು ಕಲಿಸಿದವರೇ ಅವರು. ಹಾಗಾಗಿ ಕಲಿಯುವುದೇನೂ ಇಲ್ಲ ಎಂದು ತೀರ್ಮಾನಿಸಿಬಿಟ್ಟೆ. ಬಲಗಡೆಯ ದೇಶಕ್ಕೆ ಹೋಗಿದ್ದರೆ ಮೈಯೆಲ್ಲ ಕಣ್ಣಾಗಿರುತ್ತಿದ್ದೆ. ಇಲ್ಲಿ ಎಲ್ಲವೂ ಮನೆಯಂತೆಯೇ ಕಂಡಿತು.

ಮಿಲ್ಟನ್ ಕೀನ್ಸ್ ವಿಚಿತ್ರವಾದ ಊರು. 1967ರಲ್ಲಿ ಹೊಸ ಪಟ್ಟಣವೆಂದು ಗೊತ್ತುಮಾಡಿ, ನಕ್ಷೆ ಹಾಕಿ ಕಟ್ಟಿದ್ದು. ರಸ್ತೆಗಳು ಚೌಕಾಬಾರದ ಗೆರೆಯಂತೆ ಅಡ್ಡಡ್ಡ ಉದ್ದುದ್ದ. ಗೆರೆ ಕೂಡುವಲ್ಲೆಲ್ಲ ಒಂದು ವೃತ್ತ. ಸಿಗ್ನಲ್ಲುಗಳು ಕಡಿಮೆ. ವೃತ್ತಕ್ಕೆ ಬಂದರೆ ಬಲಗಡೆಯಿಂದ ಬರುವವನಿಗೆ ದಾರಿ ಬಿಡಬೇಕು, ಅಷ್ಟೇ ನಿಯಮ. ವಿಜಯಪುರದ ಗಾಂಧಿ ಚೌಕದಲ್ಲಿ ಮೂತಿ ತೂರಿಸಿದವನದು ದಾರಿ ಎಂದು ಬೆಳೆದ ನನಗೆ, ಯಾರೂ ಕಾಯದೆ, ಯಾರೂ ಹಾರ್ನು ಹಾಕದೆ ಗಾಡಿಗಳು ಒಂದರ ಸಂದಿಯಲ್ಲಿ ಒಂದು ಸೇರಿಕೊಂಡು ಸುತ್ತುವುದನ್ನು ನೋಡುತ್ತ ಕೂರಲು ಹಿತವೆನಿಸುತ್ತಿತ್ತು. ಹಾರ್ನಿನ ಸದ್ದನ್ನು ಮೊದಲು ಕೇಳಿದ್ದು ಪಾರ್ಕಿಂಗ್ ಒಂದರಲ್ಲಿ. 'ಯಾರೋ ಯಾರಿಗೋ ಬೈದ್ರು' ಎಂದಳು ಮಗಳು. ನಿಂತ ಗಾಡಿಯಿಂದ ಹಾರ್ನು ಮಾಡುವಂತಿಲ್ಲ, ಊರೊಳಗೆ ರಾತ್ರಿ ಹನ್ನೊಂದೂವರೆಯಿಂದ ಬೆಳಿಗ್ಗೆ ಏಳರವರೆಗೂ ಮಾಡುವಂತಿಲ್ಲ ಎಂದು ಆಮೇಲೆ ತಿಳಿಯಿತು.

ಕಾರು ಬಾಡಿಗೆಗೆ ತೆಗೆದುಕೊಂಡೆವು. ಅಳಿಯಂದಿರು ತಮ್ಮ ಹೆಸರಿನ ಜೊತೆ ನನ್ನ ಹೆಸರನ್ನೂ ಚಾಲಕನೆಂದು ಸೇರಿಸಿದರು. ಒತ್ತಾಯ ನನ್ನದೇ. ಮಾವ ಕೇಳಿದರೆ ಅಳಿಯ ಇಲ್ಲವೆನ್ನುವುದು ಹೇಗೆ? ನಮ್ಮ ಕಡೆ ಅಳಿಯನನ್ನು ನಾವು ಬಹುವಚನದಲ್ಲಿ ಮಾತಾಡಿಸುತ್ತೇವೆ, ಅವರೂ ನಮ್ಮನ್ನು ಹಾಗೆಯೇ ಮಾತಾಡಿಸುತ್ತಾರೆ. ಇಬ್ಬರ ನಡುವೆ ಮರ್ಯಾದೆಯ ಒಂದು ಗೋಡೆ. ನಾನು ವೇಗ ಏರಿಸಿದಾಗಲೆಲ್ಲ 'ಮಾವಾರ, ಸ್ವಲ್ಪ ಸಾವಕಾಶ' ಎಂಬುದಕ್ಕಿಂತ ಹೆಚ್ಚು ಅವರು ಹೇಳಲಾರರು. ಅಲ್ಲಿ ಫಲಕದ ಮೇಲೆ 30 ಎಂದಿದ್ದರೆ ಅದು ಮೈಲಿ, ಅಂದರೆ ಸುಮಾರು 48 ಕಿಲೋಮೀಟರು. ಅಂಕಿ ಸಣ್ಣದು ಕಾಣುವುದರಿಂದ ಎಷ್ಟು ಓಡಿಸಿದರೂ ಮೆಲ್ಲಗೇ ಹೊರಟ ಹಾಗೆ ನನಗೆ ಅನಿಸುತ್ತಿತ್ತು. ಮಗಳದು ಇಂಥ ದಾಕ್ಷಿಣ್ಯವಿಲ್ಲ. ಹಿಂದೆ ಕುಳಿತ ತಾಯಿಗೂ ಬೆಲ್ಟು ಹಾಕಿಸಿಯೇ ಬಾಗಿಲು ಮುಚ್ಚುತ್ತಿದ್ದಳು. ನಮ್ಮ ಮನೆಯವಳು 'ಹಿಂದ ಕುಂತವ್ರಿಗಿ ಯಾಕವ್ವ ಈ ಕಟ್ಟು' ಎಂದು ಗೊಣಗುತ್ತ, ಸೆರಗು ಸರಿಮಾಡಿಕೊಳ್ಳುತ್ತ ಹಾಕಿಕೊಳ್ಳುತ್ತಿದ್ದಳು. ಮುಂದೆ ಅವಳು ಉಳಿದದ್ದು ಆ ಕಟ್ಟಿನಿಂದಲೇ.

ಲೈಟಿನ ವಿಷಯ ನನಗೆ ತಿಳಿಯದೇ ಇರಲಿಲ್ಲ. ಇದನ್ನು ಒತ್ತಿ ಹೇಳಬೇಕು. ಅಲ್ಲಿನ ಹಳೆಯ ಬೀದಿಗಳಲ್ಲಿ ಎರಡೂ ಬದಿಗೆ ಕಾರು ನಿಲ್ಲಿಸಿರುತ್ತಾರೆ, ನಡುವೆ ಒಂದು ಗಾಡಿಯಷ್ಟೇ ಜಾಗ. ಎದುರಿನವನು ನನ್ನನ್ನು ಕಂಡು ಲೈಟು ಹೊಡೆದ. ನಾನು ನಮ್ಮೂರ ಶಿಸ್ತಿನಂತೆ ನಿಂತೆ. ಅವನೂ ನಿಂತ. ಮತ್ತೆ ಹೊಡೆದ. ನಾನು ಇನ್ನಷ್ಟು ಗಟ್ಟಿಯಾಗಿ ನಿಂತೆ.

'ಮಾವಾರ, ಅವ್ರು ನಿಮಗ ಬಿಟ್ಟಾರ. ಹೋಗ್ರಿ.'

'ನಮಗ ಬಿಟ್ಟಾರ? ಲೈಟ್ ಹೊಡದ್ರಲ್ಲ?'

'ಇಲ್ಲಿ ಲೈಟ್ ಹೊಡದ್ರ ನೀ ಹೋಗು ಅಂತ ಅಪ್ಪಾ,' ಎಂದಳು ಹಿಂದಿನಿಂದ ಮಗಳು. 'ದಾಟಿದ ಮ್ಯಾಲೆ ಕೈ ಎತ್ತು. ಎತ್ತಲಿಲ್ಲಂದ್ರ ಸೊಕ್ಕಿನವ ಅಂತಾರ.'

ನಾನು ಹೋದೆ, ಕೈ ಎತ್ತಿದೆ. ಅವನೂ ಎತ್ತಿದ. ಆ ದಿನವೆಲ್ಲ ಕೈ ಎತ್ತುವ ಹುಮ್ಮಸ್ಸಿನಲ್ಲಿ ಎದುರಿಗೆ ಬಂದವರಿಗೆಲ್ಲ ಎತ್ತಿದೆ. ಹೀಗೆ ತಲೆಗೆ ಪಾಠ ಮುಟ್ಟಿತು. ಕೈಗೆ ಮುಟ್ಟಿರಲಿಲ್ಲ ಎಂದು ಗೊತ್ತಾದದ್ದು ಮುಂದಿನ ವಾರ.

ಊರ ಪಕ್ಕದ ಒಂದು ಹಳೆಯ ಪೇಟೆಯ ರಸ್ತೆ. 30ರ ಫಲಕ. ಅಳಿಯಂದಿರು ನನ್ನ ಬಾಜೂಕ ಕುಳಿತು ಫೋನಿನಲ್ಲಿ ಮಾತಾಡುತ್ತಿದ್ದರು. ಎದುರಿನಿಂದ ಸಣ್ಣದೊಂದು ನೀಲಿ ಕಾರು ಬಂದು ರಸ್ತೆಯ ನಡುವೆ ಬಲಗಡೆಯ ಇಂಡಿಕೇಟರು ಹಾಕಿ ನಿಂತಿತು. ನನ್ನ ದಾರಿಗೆ ಅಡ್ಡ ಹಾಯ್ದು ಆ ಕಡೆಯ ಓಣಿಗೆ ತಿರುಗಬೇಕು ಅದು. ನಾನು ದೂರದಲ್ಲಿದ್ದೆ. ಇದು ತಿರುಗಿಬಿಟ್ಟೀತು ಎನಿಸಿತು. ಸಿಂದಗಿ ರಸ್ತೆಯಲ್ಲಿ ದಿನಕ್ಕೆ ಎಷ್ಟೋ ಸಲ ಹೀಗೆ ಅನಿಸುತ್ತದೆ; ಅನಿಸಿದೊಡನೆ ಏನು ಮಾಡಬೇಕೆಂದು ನಾನು ಯೋಚಿಸುವುದಿಲ್ಲ, ಬೆರಳು ಮಾಡಿಬಿಡುತ್ತದೆ. ಎರಡು ಸಲ ಡಿಪ್ಪರ್ ಹೊಡೆದೆ. ಹೊಡೆದವನೇ ಎಕ್ಸಿಲೇಟರು ಒತ್ತಿದೆ. ಮುಳ್ಳು ನಲವತ್ತರ ಹತ್ತಿರ ಇತ್ತು.

ನೀಲಿ ಕಾರಿನ ಹೆಣ್ಣುಮಗಳು ಕೈ ಎತ್ತಿದಳು. ಅದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಥ್ಯಾಂಕ್ಸ್ ಎಂದು ಕೈ ಎತ್ತಿ ನನ್ನ ಮುಂದೆಯೇ ಅಡ್ಡ ತಿರುಗಿದಳು.

ಬ್ರೇಕು ಹಾಕಿದೆ, ಎಡಕ್ಕೆ ಎಳೆದೆ. ಆದರೂ ಅವಳ ಕಾರಿನ ಹಿಂದಿನ ಬಾಗಿಲಿನ ಬಳಿ ನಮ್ಮ ಮೂತಿ ಹೋಗಿ ಬಡಿಯಿತು. ದೊಡ್ಡ ಸದ್ದು. ಗಾಳಿ ಚೀಲಗಳು ಉಬ್ಬಿ ಕಾರಿನೊಳಗೆ ಸುಣ್ಣದ ಪುಡಿಯಂಥ ಧೂಳು. ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ. ನಮ್ಮ ಮನೆಯವಳ ಭುಜದ ಮೇಲೆ ಬೆಲ್ಟಿನ ಗುಂಟ ಕಪ್ಪಗೆ ಒಂದು ಬರೆ ಎದ್ದಿತು. ಆ ಹೆಣ್ಣುಮಗಳ ಕಾರಿನ ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸುವ ಕುರ್ಚಿ ಇತ್ತು, ಖಾಲಿ. ನಾನು ಬಡಿದದ್ದು ಆ ಬದಿಗೇ.

ನಮ್ಮ ಕಡೆ ಆಗಿದ್ದರೆ ಈ ಹೊತ್ತಿಗೆ ಐವತ್ತು ಮಂದಿ ಕೂಡಿ, ಯಾರು ಸರಿ ಯಾರು ತಪ್ಪು ಎಂದು ಗಟ್ಟಿ ದನಿಯವನ ಪರವಾಗಿ ತೀರ್ಮಾನ ಆಗಿಬಿಡುತ್ತಿತ್ತು. ನಾನೂ ಅದಕ್ಕೆ ತಯಾರಾಗಿ, ದನಿ ಏರಿಸಿಕೊಂಡೇ ಕಾರಿನಿಂದ ಇಳಿದೆ. ಆಕೆ ನಡುಗುತ್ತಿದ್ದಳು. ಬಂದವಳೇ ನಮ್ಮ ಮನೆಯವಳ ಕಡೆ ನೋಡಿ, ಪೆಟ್ಟಾಯಿತೇ ಎಂದು ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, 'ನೀವು ನನಗೆ ಲೈಟು ಹೊಡೆದಿರಲ್ಲ!' ಎಂದಳು.

'ಹೌದು, ಹೊಡೆದೆ! ಮತ್ತೆ ಯಾಕೆ ಬಂದಿರಿ?' ಎಂದೆ ನನ್ನ ಮುರುಕು ಇಂಗ್ಲಿಷಿನಲ್ಲಿ.

'ನೀವು ಹೊಡೆದಿದ್ದಕ್ಕೇ ಬಂದೆ!'

'ನಾ ಹೊಡೆದಿದ್ದಕ್ಕೇ ನೀವು ನಿಲ್ಲಬೇಕಿತ್ತು!'

ಇಬ್ಬರದೂ ಒಂದೇ ಸಾಕ್ಷಿ. ನಾನು ಲೈಟು ಹೊಡೆದದ್ದನ್ನು ಆಕೆ ಅಲ್ಲಗಳೆಯುವುದಿಲ್ಲ, ನಾನಂತೂ ಎದೆ ತಟ್ಟಿ ಹೇಳುತ್ತಿದ್ದೇನೆ. ಅಳಿಯಂದಿರು ನಡುವೆ ಬಂದು ನನ್ನ ತೋಳು ಹಿಡಿದರು. ಅವರು ನನ್ನನ್ನು ಮುಟ್ಟಿ ತಡೆದದ್ದು ಅದೇ ಮೊದಲು. 'ಮಾವಾರ, ನೀವು ಕಾರೊಳಗ ಕೂಡ್ರಿ,' ಎಂದರು. ಕುಳಿತೆ. ಅವರಿಬ್ಬರೂ ಹೆಸರು, ವಿಳಾಸ, ಗಾಡಿ ನಂಬರು, ವಿಮೆಯ ವಿವರ ಬರೆದುಕೊಂಡರು, ಫೋಟೋ ತೆಗೆದರು. ನಾನು ಪೊಲೀಸರ ದಾರಿ ಕಾಯುತ್ತಿದ್ದೆ. ಯಾರಿಗೂ ಗಾಯವಾಗಿಲ್ಲದಿದ್ದರೆ, ವಿವರ ಕೊಟ್ಟು ತೆಗೆದುಕೊಂಡಿದ್ದರೆ ಪೊಲೀಸರು ಬರಲೇಬೇಕೆಂದಿಲ್ಲವಂತೆ. ವಿವರ ಕೊಡದೆ ಹೋದರೆ ಮಾತ್ರ ಇಪ್ಪತ್ನಾಲ್ಕು ತಾಸಿನೊಳಗೆ ಠಾಣೆಗೆ ತಿಳಿಸಬೇಕು. ನಿಲ್ಲದೆ ಓಡಿಹೋಗುವುದು ಅಲ್ಲಿ ದೊಡ್ಡ ಅಪರಾಧ. ಜನ ಕೂಡಲಿಲ್ಲ. ಒಬ್ಬ ಮುದುಕ ನಾಯಿ ಹಿಡಿದುಕೊಂಡು ಬಂದು, ಎಲ್ಲರೂ ಸೌಖ್ಯವೇ ಎಂದು ಕೇಳಿ ಹೋದ.

ದುಡ್ಡಿನ ಲೆಕ್ಕ ಬಗೆಹರಿಯಲು ತಿಂಗಳುಗಳೇ ಹಿಡಿದವು. ಕೊನೆಗೆ ತಪ್ಪು ಅರ್ಧ ಅರ್ಧ ಎಂದು ವಿಮೆಯವರು ಹಂಚಿದರು. ಬಾಡಿಗೆ ಕಾರಿನ ಕರಾರಿನಲ್ಲಿ ವಿಮೆ ಇದ್ದರೂ ಇಷ್ಟು ಮೊತ್ತದವರೆಗೆ ಗಿರಾಕಿಯೇ ಹೊರಬೇಕು ಎಂಬ ಷರತ್ತು ಇರುತ್ತದೆ. ಮೊದಲೇ ದಿನಕ್ಕಿಷ್ಟು ಎಂದು ಹೆಚ್ಚಿಗೆ ಕಟ್ಟಿದರೆ ಅದನ್ನು ಇಳಿಸುತ್ತಾರೆ. ಅಳಿಯಂದಿರು ಕೇಳಿದಾಗ 'ದಂಡ ಖರ್ಚು ಯಾಕ್ರಿ, ನಾ ಓಡಸಾಂವ' ಎಂದಿದ್ದೆ. ಮಗಳ ಕಾರ್ಡಿನಿಂದ ಕಡಿತವಾದದ್ದು ನನ್ನ ಹೋಗಿಬರುವ ವಿಮಾನದ ಟಿಕೆಟ್ಟಿಗಿಂತ ಜಾಸ್ತಿ. ಮರಳಿ ಕೊಡುತ್ತೇನೆ ಎಂದರೆ ಅವಳು ತೆಗೆದುಕೊಳ್ಳಲಿಲ್ಲ.

ಉಳಿದ ದಿನಗಳಲ್ಲಿ ಕಾರು ಮುಟ್ಟುವ ಮಾತಿರಲಿಲ್ಲ. ಮಗಳು ಅಲ್ಲಿನ ಲೈಸನ್ಸಿಗಾಗಿ ಓದಿದ್ದ ಹೈವೇ ಕೋಡ್ ಎಂಬ ಪುಸ್ತಕ ಮನೆಯಲ್ಲಿತ್ತು. 1931ರಲ್ಲಿ ಒಂದು ಪೆನ್ನಿ ಬೆಲೆಗೆ ಮೊದಲು ಅಚ್ಚಾಗಿ, ಕಾಲಕಾಲಕ್ಕೆ ತಿದ್ದಿಸಿಕೊಂಡು ಬಂದದ್ದು. ಅದನ್ನು ಹಿಡಿದು ಕುಳಿತೆ. ನಿಯಮ 110 ಸಿಕ್ಕಿದಾಗ ಕುರ್ಚಿಯಿಂದ ಜಿಗಿದೆ. ನೀವು ಇದ್ದೀರೆಂದು ತಿಳಿಸಲಿಕ್ಕೆ ಮಾತ್ರ ಹೆಡ್‌ಲೈಟು ಮಿನುಗಿಸಬೇಕು ಎಂದಿತ್ತು ಅಲ್ಲಿ. ಅಂದರೆ 'ನಾ ಬಂದೆ' ಎಂಬುದೇ ಸರಿ! 'ನೀ ಹೋಗು' ಎಂಬುದು ಬರೀ ರೂಢಿ, ಪುಸ್ತಕದಲ್ಲಿಲ್ಲ. ಮುಂದಿನ ನಿಯಮ ಇನ್ನೂ ರುಚಿ: ಯಾರಾದರೂ ಲೈಟು ಮಿನುಗಿಸಿದರೆ ಅದನ್ನು ಹೋಗಲು ಕೊಟ್ಟ ಅಪ್ಪಣೆ ಎಂದು ತಿಳಿಯಬೇಡಿ, ನೀವೇ ನೋಡಿಕೊಂಡು ಹೋಗಿ. ಫೋನಿನಲ್ಲಿ ಆ ಪುಟದ ಫೋಟೋ ಹೊಡೆದುಕೊಂಡೆ. ಅಳಿಯಂದಿರಿಗೆ ತೋರಿಸಿದೆ. ಅವರು ಓದಿ, 'ಹೌದ್ರಿ ಮಾವಾರ' ಎಂದು ಫೋನು ತಿರುಗಿ ಕೊಟ್ಟರು.

ಆ ವಾರಾಂತ್ಯ ರೈಲಿನಲ್ಲಿ ಲಂಡನ್ನಿಗೆ ಹೋದೆವು. ಥೇಮ್ಸ್ ನದಿಯ ದಂಡೆಯಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನವರ ಪುತ್ಥಳಿ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಬಾಗೇವಾಡಿಯವರು ಅಷ್ಟು ದೂರ ಹೋಗಿ ಅದನ್ನು ನೋಡದೆ ಬಂದರೆ ಊರಲ್ಲಿ ಮುಖ ತೋರಿಸುವುದು ಕಷ್ಟ. ಅಲ್ಲಿಗೆ ನಡೆದು ಹೋಗುವಾಗ ಜೀಬ್ರಾ ಪಟ್ಟಿಯ ಅಂಚಿಗೆ ನಿಂತೆವು, ಗಾಡಿಗಳು ಹೋಗಿಬಿಡಲಿ ಎಂದು. ಗಾಡಿಗಳು ಹೋಗಲಿಲ್ಲ, ನಿಂತವು. 2022ರ ಜನವರಿಯಿಂದ ಅಲ್ಲಿ ಪಟ್ಟಿಯ ಅಂಚಿಗೆ ಕಾಯುತ್ತ ನಿಂತವರಿಗೂ ದಾರಿ ಬಿಡಬೇಕೆಂದು ತಿದ್ದುಪಡಿ ಬಂದಿದೆ. ಹೆಚ್ಚು ಹಾನಿ ಮಾಡಬಲ್ಲ ಗಾಡಿಯವನದು ಹೆಚ್ಚು ಹೊಣೆ ಎಂಬ ತತ್ವ. ನಮ್ಮ ಮನೆಯವಳು ಭುಜ ಹಿಡಿದುಕೊಂಡೇ ದಾಟಿ, 'ಬಾಗೇವಾಡಿ ಒಳಗ ಬಸವಣ್ಣನ ಗುಡಿ ಮುಂದ ದಾಟಾಕ ನನಗ ಇಷ್ಟು ಮರ್ಯಾದಿ ಯಾವತ್ತ ಸಿಕ್ಕೈತಿ?' ಎಂದಳು. ನಾನು ಪುತ್ಥಳಿಯ ಫೋಟೋ ತೆಗೆಯುವುದರಲ್ಲಿದ್ದೆ.

ಊರಿಗೆ ಬಂದ ಮೇಲೆ ನಾನು ಮಾಡಿದ ಕೆಲಸವನ್ನು ಅಪಘಾತಕ್ಕಿಂತ ದೊಡ್ಡ ತಪ್ಪೆಂದು ಈಗ ಎಣಿಸುತ್ತೇನೆ. ನಾಲ್ಕೂ ತಾಲೂಕಿನ ಅಂಗಡಿಗಳಲ್ಲಿ ಚಹಾ ಕುಡಿಯುತ್ತ ಕತೆ ಹೇಳಿದೆ. ಮೇಡಮ್ಮು ನೋಡದೆ ಅಡ್ಡ ಬಂದಳು; ನಾನು ಲೈಟು ಹೊಡೆದಿದ್ದೆ; ಅವರದೇ ದೇಶದ ಪುಸ್ತಕ ನನ್ನ ಪರವಾಗಿದೆ; ಪರದೇಶದವನೆಂದು ಅರ್ಧ ತಪ್ಪು ನನ್ನ ಮೇಲೆ ಹೊರಿಸಿದರು. ಫೋನು ತೆಗೆದು ಪುಟ ತೋರಿಸುತ್ತಿದ್ದೆ. ಎಲ್ಲರೂ 'ಹೌದಲ್ಲ' ಎಂದರು. ಮುದ್ದೇಬಿಹಾಳದಲ್ಲಿ ಒಬ್ಬರು, ಕೋರ್ಟಿಗೆ ಹೋಗಬೇಕಿತ್ತು ನೀವು ಎಂದೂ ಹುರಿದುಂಬಿಸಿದರು.

ಸಿಂದಗಿಯಲ್ಲಿ ನನಗೊಬ್ಬ ಹಳೆಯ ಗೆಳೆಯ. ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಮಾತು ಕಡಿಮೆ. ಕತೆ ಪೂರ್ತಿ ಕೇಳಿ, ಎಲೆ ಅಡಿಕೆ ಹಾಕಿಕೊಂಡು, ಒಂದೇ ಪ್ರಶ್ನೆ ಕೇಳಿದ: 'ಲೈಟ್ ಹೊಡದ ಮ್ಯಾಲೆ ನಿನ್ನ ಕಾಲು ಎಲ್ಲಿತ್ತು?'

'ಎಲ್ಲಿತ್ತು ಅಂದ್ರ?'

'ಬ್ರೇಕ್ ಮ್ಯಾಲಿತ್ತೋ, ಎಕ್ಸಿಲೇಟರ್ ಮ್ಯಾಲಿತ್ತೋ?'

ನಾನು ಉತ್ತರ ಕೊಡದೆ ಫೋನು ಅವನ ಕೈಗಿಟ್ಟೆ, ಕಾನೂನು ನೋಡು ಎಂದು. ಅವನಿಗೆ ಇಂಗ್ಲಿಷ್ ಬಾರದು. ಮೊಮ್ಮಗಳನ್ನು ಕರೆದ. ಹೈಸ್ಕೂಲಿನ ಹುಡುಗಿ, ಗಟ್ಟಿಯಾಗಿ ಓದಿ ಒಂದೊಂದೇ ಸಾಲು ಬಿಡಿಸಿ ಹೇಳತೊಡಗಿದಳು. 110ರಲ್ಲಿ ಎರಡು ವಾಕ್ಯ ಇದ್ದವು. ಮೊದಲನೆಯದನ್ನು ನಾನು ನಾಲ್ಕು ತಾಲೂಕಿಗೆ ಬಾಯಿಪಾಠ ಒಪ್ಪಿಸಿದ್ದೆ. ಎರಡನೆಯದನ್ನು ಅವಳು ಓದಿದಳು: ಬೇರೆ ಯಾವ ಸಂದೇಶ ಕೊಡಲಿಕ್ಕಾಗಲಿ, ಬೇರೆಯವರನ್ನು ಅಂಜಿಸಲಿಕ್ಕಾಗಲಿ ಲೈಟು ಹೊಡೆಯಬಾರದು. 'ಅಂಜಿಸೋದು ಅಂದ್ರ ಹ್ಯಾಂಗ್ ಮುತ್ಯಾ?' ಎಂದು ಕೇಳಿದಳು. ಅವನು ನನ್ನ ಕಡೆ ಬೊಟ್ಟು ಮಾಡಿ, 'ಇವ್ರನ್ನ ಕೇಳವ್ವ' ಎಂದ.

ಆ ವಾಕ್ಯವನ್ನು ನಾನು ಓದಿರಲಿಲ್ಲ ಎಂದು ಹೇಳಲಾರೆ. ಓದಿದ್ದೆ. ಬೇಡವೆಂದು ಬಿಟ್ಟಿದ್ದೆ.

ಗೆಳೆಯನ ಮಾತು ಇಷ್ಟು: ಬಸ್ಸಿನಲ್ಲಿ ಅವನೂ ಲೈಟು ಹೊಡೆಯುತ್ತಿದ್ದ, ಹೊಡೆಯದೆ ನಮ್ಮ ರಸ್ತೆಯಲ್ಲಿ ಆಗುವುದಿಲ್ಲ. ಆದರೆ ಹೊಡೆದೊಡನೆ ಕಾಲು ಎಕ್ಸಿಲೇಟರಿನಿಂದ ಎತ್ತಿ ಬ್ರೇಕಿನ ಮೇಲೆ ಇಡುತ್ತಿದ್ದ, ಒತ್ತುತ್ತಿರಲಿಲ್ಲ. ಎದುರಿನವನು ತನ್ನ ಲೈಟನ್ನು ಹೇಗೆ ತಿಳಿದುಕೊಂಡನೋ ಯಾರಿಗೆ ಗೊತ್ತು, ಕುಡಿದಿದ್ದಾನೋ, ಹೊಸಬನೋ. ಇದನ್ನು ಕೇಳಲು ನನಗೆ ಇಂಗ್ಲೆಂಡಿಗೆ ಹೋಗಿ ಒಂದು ಕಾರು ಜಜ್ಜಬೇಕಾಯಿತು. ಅಲ್ಲಿನವರು ಲೈಟು ಹೊಡೆಯುವುದು ನಿಂತ ಮೇಲೆ, ಇಲ್ಲವೇ ನಿಲ್ಲುತ್ತಲೇ. ಆಕೆಗೆ ನನ್ನ ಲೈಟು ಕಂಡಿತ್ತು. ಅದರ ಹಿಂದೆ ಬರುತ್ತಿದ್ದ ವೇಗವನ್ನು ಆಕೆ ಹೇಗೆ ಊಹಿಸಿಯಾಳು? ಲೈಟು ಹೊಡೆದು ವೇಗ ಏರಿಸುವ ಮನುಷ್ಯನನ್ನು ಆಕೆ ಕಂಡಿರಲಿಕ್ಕಿಲ್ಲ.

ನಮ್ಮ ಜಾಣತನದ ಬೆಲೆ ಅಂಕಿಯಲ್ಲೂ ಸಿಗುತ್ತದೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಕರ್ನಾಟಕದಲ್ಲೇ ಹನ್ನೊಂದು ಸಾವಿರ ದಾಟಿತ್ತು. ಅದೇ ವರ್ಷ ಗ್ರೇಟ್ ಬ್ರಿಟನ್ನಿನಲ್ಲಿ 1,711. ನಾವು ಜನಸಂಖ್ಯೆಯಲ್ಲಿ ಅವರ ಇಪ್ಪತ್ತು ಪಟ್ಟಿಗಿಂತ ಸ್ವಲ್ಪ ಹೆಚ್ಚು, ರಸ್ತೆಯ ಸಾವಿನಲ್ಲಿ ಹೆಚ್ಚುಕಡಿಮೆ ನೂರು ಪಟ್ಟು. ಕಿವಿಯಿಂದ ಗಾಡಿ ಓಡಿಸುತ್ತೇವೆ ಎಂದು ಮೇಲೆ ಬರೆದೆನಲ್ಲ, ಆ ವಾಕ್ಯವನ್ನು ನಾನು ಈಗಲೂ ಸ್ವಲ್ಪ ಹೆಮ್ಮೆಯಿಂದಲೇ ಬರೆದಿದ್ದೇನೆ ಎಂಬುದು ನನ್ನ ಗಮನಕ್ಕೆ ಬಂದಿದೆ.

ಕಾಲಿನ ಚಾಳಿ ತಿದ್ದಲು ಹೊರಟೆ. ಸುಲಭವಿರಲಿಲ್ಲ. ಹೋದ ತೊಗರಿ ರಾಶಿಯ ಹೊತ್ತಿನಲ್ಲಿ ತಾಳಿಕೋಟೆ ರಸ್ತೆಯಲ್ಲಿ ಅರ್ಧ ಡಾಂಬರು ತೊಗರಿ, ಎದುರಿಗೆ ಟ್ರ್ಯಾಕ್ಟರು. ಅಭ್ಯಾಸಬಲದಿಂದ ಡಿಪ್ಪರ್ ಹೊಡೆದೆ, ಹೊಸ ಪಾಠದ ಪ್ರಕಾರ ಬ್ರೇಕಿನ ಮೇಲೆ ಕಾಲಿಟ್ಟೆ. ಟ್ರ್ಯಾಕ್ಟರಿನವನು ನನ್ನ ಲೈಟು ನೋಡಿ ಶಿಸ್ತಾಗಿ ನಿಂತ. ನಾನೂ ನಿಂತಿದ್ದೆ. ಅವನು ನನ್ನನ್ನು ನೋಡುತ್ತಾನೆ, ನಾನು ಅವನನ್ನು. ನನ್ನ ಹಿಂದೆ ಬಸ್ಸು ಬಂದು ಹಾರ್ನು ಶುರುವಾಯಿತು. 'ಏನ್ರೀ ಸಾವ್ಕಾರ್ರ, ಲೈಟ್ ಹೊಡೀತೀರಿ, ಬರಂಗಿಲ್ಲ!' ಎಂದು ಅವನು ಮೇಲಿನಿಂದ ಕೂಗಿದ. ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಹಿಂದಿನ ಬಸ್ಸಿನವನೂ ನಾನು ನುಗ್ಗುತ್ತೇನೆಂದೇ ನಂಬಿ ಬಂದಿದ್ದ. ಅವನ ಬ್ರೇಕು ಚೆನ್ನಾಗಿತ್ತು, ಉಳಿದೆ. ಈಗ ನಾನು ಹಗಲು ಹೊತ್ತು ಲೈಟು ಹೊಡೆಯುವುದನ್ನೇ ಆದಷ್ಟು ಬಿಟ್ಟಿದ್ದೇನೆ. ಹಿಂದಿನ ಕನ್ನಡಿ ನೋಡಿ, ಮೊದಲೇ ವೇಗ ಇಳಿಸಿ, ಎಡಕ್ಕೆ ಸರಿದು ನಿಲ್ಲುತ್ತೇನೆ. ಇಂಡಿಗೆ ಮುಟ್ಟುವುದು ತಡವಾಗುತ್ತದೆ.

ಇತ್ತೀಚೆಗೆ ತಮ್ಮನ ಮಗ ಅಮೆರಿಕಕ್ಕೆ ಹೊರಟ. ಆರ್‌ಟಿಒ ಪರವಾನಗಿಯ ವಿಷಯ ಕೇಳಲು ಬಂದಿದ್ದ. ಅದನ್ನು ಮಾಡಿಸು, ಆದರೆ ಒಂದೊಂದು ರಾಜ್ಯದ್ದು ಒಂದೊಂದು ನಿಯಮ, ಹೋಗುವ ರಾಜ್ಯದ್ದನ್ನು ನೋಡಿಕೋ ಎಂದೆ. ಬಲಗಡೆ ಓಡಿಸುವುದಕ್ಕೆ ನೀನು ಹೇಗೂ ಅಂಜಿರುತ್ತೀ, ಅದರ ಚಿಂತೆ ನನಗಿಲ್ಲ. ನಮ್ಮಲ್ಲಿಯೂ ಅಲ್ಲಿಯೂ ಒಂದೇ ತೆರ ಕಾಣುವುದರ ಚಿಂತೆ ಎಂದು ಕೂರಿಸಿಕೊಂಡು ಹೇಳಿದೆ. ಪೊಲೀಸರು ಹಿಂದಿನಿಂದ ದೀಪ ಮಿನುಗಿಸಿದರೆ ಇಲ್ಲಿ ನಾವು ಮರ್ಯಾದೆಗೆಂದು ಕೆಳಗಿಳಿದು ಕಾಗದ ಹಿಡಿದು ಅವರ ಹತ್ತಿರ ಹೋಗುತ್ತೇವೆ. ಅಲ್ಲಿ ಹಾಗೆ ಇಳಿದು ಬರುವವನನ್ನು ಕಂಡರೆ ಮೈಮೇಲೆ ಬರುತ್ತಿದ್ದಾನೆಂದು ಅವರು ಗಾಬರಿಯಾದಾರು. ಬಲಕ್ಕೆ ನಿಲ್ಲಿಸಿ, ಒಳಗೇ ಕುಳಿತು, ಎರಡೂ ಕೈ ಸ್ಟೇರಿಂಗ್ ಮೇಲೆ ಕಾಣುವಂತೆ ಇಟ್ಟುಕೊಂಡಿರಬೇಕು. ಹಳದಿ ಶಾಲಾ ಬಸ್ಸು ನಿಂತು ಕೆಂಪು ದೀಪ ಮಿನುಗಿಸಿದರೆ ಹಿಂದಿನವರಷ್ಟೇ ಅಲ್ಲ, ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ಎದುರಿನಿಂದ ಬರುವವರೂ ಸಾಮಾನ್ಯವಾಗಿ ನಿಲ್ಲಬೇಕು. ನಮ್ಮ ಹಾಗೆ ಬಸ್ಸು ನಿಂತಿತೆಂದು ಸಂದಿ ಹುಡುಕಿ ಹಾಯುವಂತಿಲ್ಲ. ನಾಲ್ಕೂ ಕಡೆ 'ಸ್ಟಾಪ್' ಇರುವ ಕೂಡುರಸ್ತೆಯಲ್ಲಿ ಮೊದಲು ಬಂದು ನಿಂತವನು ಮೊದಲು ಹೊರಡುತ್ತಾನೆ. ರಸ್ತೆ ಖಾಲಿ ಇದ್ದರೂ, ನಡುರಾತ್ರಿಯಾದರೂ ಗಾಲಿ ಪೂರ್ತಿ ನಿಲ್ಲಬೇಕು. ಬಹುತೇಕ ಕಡೆ ಕೆಂಪು ದೀಪಕ್ಕೆ ನಿಂತು ನೋಡಿ ಬಲಕ್ಕೆ ತಿರುಗಬಹುದು, ನ್ಯೂಯಾರ್ಕ್ ನಗರದಲ್ಲಿ ತಿರುಗಬಹುದೆಂಬ ಫಲಕವಿಲ್ಲದಿದ್ದರೆ ಅದೂ ಇಲ್ಲ. ಬಾಡಿಗೆ ಕಾರಿನ ಕರಾರಿನಲ್ಲಿ ನಿನ್ನ ತಲೆಯ ಮೇಲೆ ಎಷ್ಟು ಬರುತ್ತದೆ ಎಂಬುದನ್ನು ಸಹಿ ಮಾಡುವ ಮುಂಚೆ ಓದು.

'ಮದಲ ಒಂದು ವಾರ ಸ್ಟೇರಿಂಗ್ ಮುಟ್ಟಬ್ಯಾಡ ತಮ್ಮಾ,' ಎಂದೆ. 'ಯಾರದರ ಬಾಜೂಕ ಕೂತು, ಅವ್ರ ಕಾಲು ಯಾವಾಗ ಎಲ್ಲಿರ್ತದ ಅದನ್ನ ನೋಡು.'

ಅವನು ನಕ್ಕ. ವಿಮಾನ ಇಳಿದ ಕೂಡಲೆ ಏರ್‌ಪೋರ್ಟಿನಿಂದಲೇ ಕಾರು ಬುಕ್ ಆಗಿದೆಯಂತೆ. 'ಐದು ತಾಸಿನ ಹಾದಿ ಅಷ್ಟ ದೊಡ್ಡಪ್ಪಾ, ರಸ್ತೆ ಮಸ್ತ್ ಅದಾವಂತ.' ಹೆಚ್ಚಿನ ವಿಮೆ ತೆಗೆದುಕೊಂಡಿದ್ದೀಯಾ ಎಂದು ಕೇಳಿದೆ. ಇಲ್ಲ ಎಂದ. ಫೋನು ತೆಗೆ, ನನ್ನ ಮುಂದೆಯೇ ಮಾಡು ಎಂದು ಅದೊಂದನ್ನು ಮಾತ್ರ ಮಾಡಿಸಿ ಕಳಿಸಿದೆ.